ಮಸಿ ಗಡಿಗೆ

ಕಂದಿಕೆರೆಯಲ್ಲಿ ಪರಮಶಿವಯ್ಯನ ಹಿತ್ತಲ ಬಾವಿ ಎಂದರೆ ಅದು ದ್ರಾಕ್ಷಾಯಣಮ್ಮನ ಬಾವಿ. ತೋಡಿಸಿದವರು ಗಂಡನ ಕಡೆಯ ಹಿರಿಯರು, ಪಹಣಿಯಲ್ಲಿದ್ದದ್ದು ಗಂಡನ ಹೆಸರು. ಊರಿನ ಬಾಯಲ್ಲಿ ಮಾತ್ರ ಅದು ಆಕೆಯದು. ಬೇಳೆ ಬೇಯದ ಮನೆಯವರು, ಬಾಣಂತಿಗೆ ಒಳ್ಳೆಯ ನೀರು ಬೇಕಾದವರು, ಜ್ವರ ಬಿಟ್ಟು ಬಾಯಿ ಕೆಟ್ಟವರು ಎಲ್ಲರೂ ಬಿಂದಿಗೆ ಹಿಡಿದು ಅವಳ ಹಿತ್ತಲಿಗೇ ಬರುತ್ತಿದ್ದರು. "ತಗಂಡೋಗವ್ವಾ, ನೀರೇನು ನಾನು ಹೆತ್ತಿದ್ದಾ?" ಎನ್ನುತ್ತಿದ್ದಳು ಆಕೆ. ಬಾಯಲ್ಲಿ ಹಾಗಂದರೂ ಮುಖದಲ್ಲಿ ಹೆತ್ತವಳ ಹೆಮ್ಮೆಯೇ ಇರುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು.

ಕಾರಣ ಹುಡುಕಲು ಯಾರೂ ಶಾಸ್ತ್ರ ಕೇಳಬೇಕಾಗಿರಲಿಲ್ಲ. ಮಗ ತೋಂಟದಾರ್ಯ ಬಾವಿಯ ಮೇಲುಗಡೆ ಮಟ್ಟೆ ಗುಂಡಿ ತೋಡಿದ್ದ. ತೆಂಗಿನಕಾಯಿ ಸುಲಿದು ಉಳಿದ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ತಿಪಟೂರಿಗೆ ಕಳಿಸುವ ಕಸುಬು ಅವನದು. ಮದುವೆಯಾದ ಮೇಲೂ ಚಪ್ಪಲಿಗೆ, ಬಸ್ಸಿಗೆ ಅಪ್ಪನ ಮುಂದೆ ಕೈಯೊಡ್ಡುತ್ತಿದ್ದವನು ನಾರಿನ ಕಸುಬು ಹಿಡಿದ ಮೇಲೆ ತಲೆಯೆತ್ತಿ ನಡೆಯುತ್ತಿದ್ದ. ಆ ವರ್ಷ ಮಳೆ ಜೋರಾಗಿ ಬಂತು, ಗುಂಡಿ ತುಂಬಿ ಉಕ್ಕಿತು, ಕೊಳೆನೀರು ನೆಲದೊಳಗೇ ದಾರಿ ಮಾಡಿಕೊಂಡು ಬಾವಿಗೆ ಇಳಿಯಿತು. ಮೊದಲು ಬಣ್ಣ ಬಂತು. ಆಮೇಲೆ ವಾಸನೆ ಬಂತು. ಆಮೇಲೆ ಜಗಳ ಬಂತು.

ಜಗಳ ಬಂದದ್ದು ಊಟದ ಹೊತ್ತಿಗೆ. ದ್ರಾಕ್ಷಾಯಣಮ್ಮ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟಿದ್ದಳು. ಪರಮಶಿವಯ್ಯ ಒಂದು ತುತ್ತು ನುಂಗಿ ತಟ್ಟೆ ಹಿಂದಕ್ಕೆ ತಳ್ಳಿದ.

"ಇದೇನೇ ಇದು, ಸಾರಾ, ಎಕ್ಕಡ ನೆನೆಸಿದ ನೀರಾ?"

"ಕಾಳು ಒಳ್ಳೇದೇ ಕಣ್ರೀ. ನೀರು..."

"ನೀರಿಗೇನಾಯ್ತು ಅಂತ ನಿನ್ ಮಗನ್ನ ಕೇಳು. ನಮ್ಮಪ್ಪ, ನಮ್ಮ ತಾತ ಕುಡಿದ ಬಾವೀನ ಚರಂಡಿ ಮಾಡವ್ನೆ."

ತೋಂಟದಾರ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮಳೆ ನಿಂತ ಮೇಲೆ ಸರಿಹೋಯ್ತದೆ ಅಂತ ಹೇಳಿದೀನಲ್ಲಪ್ಪ."

"ಮಳೆ ನಿಂತು ಎಷ್ಟು ದಿನ ಆಯ್ತಲಾ?"

"ಅಂಗಾರೆ ಗುಂಡಿ ಮುಚ್ಚಿ ನಿಮ್ಮ ಮುಂದೆ ಕೈಕಟ್ಕಂಡು ನಿಂತ್ಕಳ್ಲಾ? ಒಂದು ಬೀಡಿ ಕಟ್ಟಿಗೂ ಕೇಳ್ಲಾ?"

"ಬೀಡಿ ಬೇರೆ ಸೇದ್ತೀಯೇನ್ಲಾ!"

ಬಾವಿಯ ಜಗಳ ಬೀಡಿಗೆ ಹೋಯಿತು, ಬೀಡಿಯಿಂದ ಮದುವೆಗೆ ಹೋಯಿತು, ಮದುವೆಯಿಂದ ಬೀಗರ ಊರಾದ ಬಿಳಿಗೆರೆಗೂ ಹೋಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆ ಗಿರಿಜಾಂಬಿಕಾ, ತವರಿನ ಹೆಸರು ಬಂದಾಗ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ಕಡೆಗೆ ಪರಮಶಿವಯ್ಯ ಎದ್ದು ನಿಂತು ತೀರ್ಪು ಹೇಳಿದ.

"ಕಾರ್ತೀಕ ಕಳೀತಿದ್ದಂಗೆ ನಮ್ಮವ್ವನ ಗಣಾರಾಧನೆ, ಅವಳು ಲಿಂಗೈಕ್ಯಳಾದ ದಿನ. ಆವತ್ತು ಅಯ್ನೋರ ಪಾದಪೂಜೆಗೂ ಪಂಕ್ತಿಗೂ ನಮ್ಮ ಬಾವಿ ನೀರೇ ಆಗ್ಬೇಕು. ಇನ್ನೊಬ್ಬರ ಬಾವಿದು ಒಂದು ತೊಟ್ಟೂ ಕೂಡದು. ಅಯ್ನೋರು ಮುಖ ಹಿಂಡಿದ್ರೋ, ಅವತ್ತೇ ಆಳು ಕರೆಸಿ ಗುಂಡಿ ಮುಚ್ಚಿಸ್ತೀನಿ."

"ಮುಚ್ಚಿಸಿ. ಅವತ್ತೇ ನಾನೂ ಬೇರೆ ಒಲೆ ಹೂಡ್ತೀನಿ."

ಮಾತಿಗೆ ಅಂದ ಎಂದುಕೊಂಡಳು ದ್ರಾಕ್ಷಾಯಣಮ್ಮ. ಆದರೆ ಬೆಳಗ್ಗೆ ಎದ್ದು ನೋಡಿದರೆ ಮಗರಾಯ ಕೆರೆಮಣ್ಣು ಕಲಸಿಕೊಂಡು ಹಿತ್ತಲ ಜಗಲಿಯ ಮೇಲೆ ಕೂತಿದ್ದಾನೆ. ಎರಡು ಬಾಯಿಯ ಒಲೆ. ನೀಟಾಗಿಯೇ ಮಾಡಿದ್ದ, ಕೈಕೆಲಸ ಬರುತ್ತಿತ್ತು ಅವನಿಗೆ. ಆ ಹಸಿ ಒಲೆಯನ್ನು ನೋಡಿ ಆಕೆಗೆ ತವರು ನೆನಪಾಯಿತು. ಅಲ್ಲಿಯೂ ಹೀಗೆಯೇ ಒಂದು ಒಲೆ ಎರಡಾಗಿ, ಎರಡು ಮೂರಾಗಿ, ಈಗ ಅಣ್ಣತಮ್ಮಂದಿರು ಉಪ್ಪು ಕೂಡ ಕೇಳಿ ಇಸಿದುಕೊಳ್ಳದ ಹಾಗಾಗಿದ್ದರು. ತನ್ನ ಮನೆಯಲ್ಲಿ ಎರಡು ಹೊಗೆ ಏಳುವುದನ್ನು ನೋಡುವುದಕ್ಕಿಂತ ಕಣ್ಣು ಹೋಗುವುದೇ ವಾಸಿ ಎನ್ನಿಸಿತು. ಗಂಡ ಮಾತು ತಪ್ಪುವವನಲ್ಲ, ಮಗ ಗಂಡನದೇ ಅಚ್ಚು. ಬದಲಾಗಬೇಕಾದದ್ದು ನೀರೊಂದೇ.

ಅಲ್ಲಿಯವರೆಗೆ ಕುಡಿಯುವ ನೀರಿಗೆ ಮಾಯಣ್ಣನ ತೋಟದ ಬಾವಿಯೇ ಗತಿಯಾಯಿತು. ಅತ್ತೆ ಸೊಸೆ ಇಬ್ಬರೂ ಬಿಂದಿಗೆ ಹೊತ್ತು ಹೋದರೆ ಮಾಯಣ್ಣನ ಹೆಂಡತಿ ರಂಗಮ್ಮ ಬಾವಿಕಟ್ಟೆಯ ಮೇಲೇ ಇದ್ದಳು. ನಿನ್ನೆ ಮೊನ್ನೆಯವರೆಗೂ ಬೇಳೆ ಬೇಯಲಿಲ್ಲ ಎಂದು ಇವರ ಹಿತ್ತಲಿಗೆ ಬರುತ್ತಿದ್ದವಳು.

"ಏನು ದ್ರಾಕ್ಷಾಯಣಮ್ಮಾರೇ, ನಮ್ಮ ಬಾವಿಗೆ ಪಾದ ಬೆಳೆಸಿಬುಟ್ರಿ! ಹೇಳಿಕಳಿಸಿದ್ರೆ ನಾನೇ ಹೊತ್ತು ತತ್ತಿದ್ನಲ್ಲ. ಸೇದಿಕಳ್ಳಿ ಸೇದಿಕಳ್ಳಿ, ನೀರೇನು ನಾನು ಹೆತ್ತಿದ್ದಾ?"

ರಂಗಮ್ಮ ಕೆಟ್ಟವಳಲ್ಲ, ತಮಾಷೆಗೆ ಅಂದಿದ್ದಳು. ಆದರೆ ತನ್ನ ಮಾತೇ ತನಗೆ ಬಡಿಸಿದಾಗ ದ್ರಾಕ್ಷಾಯಣಮ್ಮನಿಗೆ ಗಂಟಲಲ್ಲಿ ಇಳಿಯಲಿಲ್ಲ. ವಾಪಸು ಬರುವಾಗ ಬಿರಬಿರನೆ ಮುಂದೆ ನಡೆದಳು. ಗಿರಿಜಾಂಬಿಕಾ ತಾನೇ ಮಾತು ತೆಗೆದಳು.

"ಅತ್ತೆ, ನಮ್ಮ ಬಿಳಿಗೆರೆ ಸ್ಕೂಲಲ್ಲಿ ಮೇಷ್ಟ್ರು ತಳಕ್ಕೆ ತೂತು ಮಾಡಿ ಗಡಿಗೆ ಮೇಲೆ ಗಡಿಗೆ ಇಟ್ಟು ತೋರಿಸಿದ್ರು. ಮೇಲಿನದರಲ್ಲಿ ಕೆಟ್ಟ ನೀರು. ಅದರ ಕೆಳಗೆ ಇದ್ದಲು, ಅದರ ಕೆಳಗೆ ಮರಳು. ತೊಟ್ಟು ತೊಟ್ಟಾಗಿ ಇಳಿದು ತಳದ ಗಡಿಗೆಗೆ ಬರೋ ಹೊತ್ತಿಗೆ ನೀರು ತಿಳಿಯಾಗಿರ್ತಿತ್ತು."

"ಇದ್ದಲು ಅಂದ್ರೆ ಮಸಿ ತಾನೇ?"

"ಮಸೀನೇ."

"ಮಸಿ ಮುಟ್ಟಿದ ಕೈ ತೊಳೆಯೋಕೇ ನೀರು ಬೇಕು. ನೀನು ನೀರು ತೊಳೆಯೋಕೆ ಮಸಿ ಬೇಕು ಅಂತೀಯಲ್ಲೇ!"

"ನಾನು ಕಣ್ಣಾರೆ ನೋಡಿದ್ದು ಹೇಳ್ದೆ. ಬ್ಯಾಡ ಅಂದ್ರೆ ಬುಡಿ. ಆ ಒಲೆ ಮೇಲೆ ಅಡುಗೆ ಮಾಡಬೇಕಾದೋಳು ನಾನು. ನಂಗೇನು ಆಸೆಯಾ?"

ದ್ರಾಕ್ಷಾಯಣಮ್ಮ ನಿಂತು ಸೊಸೆಯ ಮುಖ ನೋಡಿದಳು. ಆ ಒಲೆಯ ಬಗ್ಗೆ ಹೊಟ್ಟೆ ಉರಿದುಕೊಳ್ಳುವವಳು ತಾನೊಬ್ಬಳೇ ಎಂದುಕೊಂಡಿದ್ದಳು ಇಷ್ಟು ದಿನ.

ಇದ್ದಲಿಗೆ ತೆಂಗಿನ ಚಿಪ್ಪು ಎಲ್ಲಕ್ಕಿಂತ ವಾಸಿಯಂತೆ. ಆದರೆ ತೆಂಗಿನ ಸೀಮೆಯಲ್ಲಿದ್ದೂ ಮನೆಯಲ್ಲಿ ಚಿಪ್ಪಿರಲಿಲ್ಲ. ಹೋದ ವರ್ಷದ್ದು ಯಾವಾಗಲೋ ಮಾರಿಹೋಗಿತ್ತು. ಈ ವರ್ಷದ ಕಾಯಿ ಅಟ್ಟದ ಮೇಲೆ ಕೊಬ್ಬರಿಯಾಗುತ್ತ ಕೂತಿತ್ತು, ದರ ಏರುವ ತನಕ ಪರಮಶಿವಯ್ಯ ಅದನ್ನು ಒಡೆಯಲು ಬಿಡುವವನಲ್ಲ. ತೋಟದ ಒಣಗರಿ ಸುಟ್ಟರೆ ಹಿಡಿ ಬೂದಿಯೂ ಸಿಗದು. ಗಿರಿಜಾಂಬಿಕಾ ಗುಡ್ಡದ ಕಡೆ ಕೈ ತೋರಿಸಿದಳು. ಅರಣ್ಯ ಇಲಾಖೆಯವರು ದಾರಿ ಬಿಡಿಸುವುದಕ್ಕೆಂದು ಲಾಂಟಾನ, ಜಾಲಿ ಎಲ್ಲ ಕಡಿಸಿ ಗುಡ್ಡೆ ಹಾಕಿ ಹೋಗಿದ್ದರು. ಮುಳ್ಳುಕಸ. ದನ ಮೂಸುವುದಿಲ್ಲ, ಜನ ಮುಟ್ಟುವುದಿಲ್ಲ. ಕಾವಲಿನ ದುರ್ಗಯ್ಯನನ್ನು ಕೇಳಿದರೆ, "ತಗಂಡೋಗಿ ತಾಯಿ, ಬೆಂಕಿ ಇಕ್ಕೋ ಕೆಲಸ ನಂಗೆ ತಪ್ತದೆ" ಎಂದ.

ಪರಮಶಿವಯ್ಯನ ಮನೆಯ ಯಜಮಾನಿತಿ ಸೊಸೆಯ ಜೊತೆ ಮುಳ್ಳಿನ ಹೊರೆ ಹೊತ್ತು ಊರೊಳಗೆ ಬಂದದ್ದು ಅಂದಿನ ಸುದ್ದಿಯಾಯಿತು. ಕೊಬ್ಬರಿ ಮನೆಯವರಿಗೆ ಸೌದೆಗೂ ಬಡತನ ಬಂತೇ ಎಂದರು ಕೆಲವರು. ಮನೆಯಲ್ಲಿ ಪರಮಶಿವಯ್ಯ ಹೊರೆ ನೋಡಿ ಹುಬ್ಬೇರಿಸಿದ, ಕಥೆ ಕೇಳಿ ನಕ್ಕ.

"ಮಾಡ್ಕಳಿ. ಮಗ ನೀರಿಗೆ ಕೊಳೆ ಹಾಕವ್ನೆ, ಸೊಸೆ ಮಸಿ ಹಾಕ್ತಾಳೆ. ಮೊಮ್ಮಗ ಹುಟ್ಟಿ ಇನ್ನೇನು ಹಾಕ್ತಾನೋ."

ತೋಂಟದಾರ್ಯನೂ ಅಪ್ಪನ ಜೊತೆ ನಕ್ಕ. ಆ ತಿಂಗಳಲ್ಲಿ ಅಪ್ಪ ಮಗ ಒಂದಾಗಿದ್ದು ಇದೊಂದಕ್ಕೆ.

ಹಿತ್ತಲ ಮೂಲೆಯಲ್ಲಿ ಅತ್ತೆ ಸೊಸೆ ತಗ್ಗು ತೋಡಿದರು. ಒಣಕಡ್ಡಿ ಜೋಡಿಸಿ, ಬೆಂಕಿ ಕೊಟ್ಟು, ಉರಿ ಹತ್ತಿದ ಮೇಲೆ ಹಸಿ ಬಾಳೆಪಟ್ಟೆ ಹಾಸಿ ಮಣ್ಣು ಮುಚ್ಚಿದರು. ಗಾಳಿ ಸಿಗದ ಹಾಗೆ ಒಳಗೇ ಬೇಯಬೇಕು. "ನಾನು ಹೇಳೋತನಕ ತೆಗೀಬ್ಯಾಡಿ ಅತ್ತೆ" ಎಂದು ಹೇಳಿ ಮಾರನೆಯ ದಿನ ಗಿರಿಜಾಂಬಿಕಾ ರಾಗಿ ಬೀಸಿಸಲು ಮಿಲ್ಲಿಗೆ ಹೋದಳು. ಕಂದಿಕೆರೆಯ ಮಿಲ್ಲಿನಲ್ಲಿ ಕರೆಂಟಿದ್ದರೆ ಜನ, ಜನ ಇಲ್ಲದಿದ್ದರೆ ಕರೆಂಟಿಲ್ಲ. ಅರ್ಧ ದಿನ ಅಲ್ಲಿಯೇ ಹೋಯಿತು.

ಇತ್ತ ದ್ರಾಕ್ಷಾಯಣಮ್ಮ ಒಂದು ಮೂಲೆಯ ಮಣ್ಣು ಸರಿಸಿ ಇಣುಕಿದಳು. ಒಳಗೆ ಕರಿ ಕಡ್ಡಿಗಳು. ಪಾಪ, ಅರ್ಧಂಬರ್ಧ ಬೆಂದಿವೆ, ಎನ್ನಿಸಿತು.

ಅವಳನ್ನು ಬೈಯುವ ಹಾಗಿಲ್ಲ. ಅವಳ ಅಪ್ಪ ಮಠಕ್ಕೆ ವಿಭೂತಿ ಮಾಡಿಕೊಡುತ್ತಿದ್ದವರು. ಬೆರಣಿ ಸುಡುವಾಗ ಹುಡುಗಿಯಾಗಿದ್ದ ಇವಳೇ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ಹೊಗೆ ದಪ್ಪ ಬಿಳಿ ಇದ್ದಾಗ ಸುಮ್ಮನಿರಬೇಕು. ಅದು ತೆಳ್ಳಗಾಗಿ ನೀಲಿಗೆ ತಿರುಗುತ್ತಿದ್ದ ಹಾಗೆ ಬಾಯಿ ತೆಗೆದು ಗಾಳಿ ಕೊಡಬೇಕು. ಆಗ ಕಪ್ಪೆಲ್ಲ ಉರಿದು ಬೆಳ್ಳಗಾಗುತ್ತದೆ. ಉಂಡೆಯೊಳಗೆ ಒಂದು ಚೂರು ಕಪ್ಪು ಉಳಿದಿದ್ದರೂ ಅಪ್ಪ ಅದನ್ನು ತಿಪ್ಪೆಗೆ ಎಸೆಯುತ್ತಿದ್ದರು. ಹೀಗೆ ಬೆಳೆದವಳು ಕಪ್ಪನ್ನು ಕಂಡು ಹೇಗೆ ಸುಮ್ಮನಿದ್ದಾಳು? ಮಣ್ಣು ಸರಿಸಿದಳು, ಬಾಯಿ ತೆಗೆದಳು, ಬೀಸಣಿಗೆಯಲ್ಲಿ ಗಾಳಿ ಹಾಕಿದಳು. ಮಧ್ಯಾಹ್ನಕ್ಕೆ ಹಾಲಿನಂಥ ಬೂದಿ ಕೂತಿತ್ತು. ಬಟ್ಟೆಯಲ್ಲಿ ಸೋಸಿ, ಗಡಿಗೆಗೆ ತುಂಬಿ, ಮೇಲೆ ಮಡಿಬಟ್ಟೆ ಹಾಸಿದಳು. ಗಿರಿಜಾಂಬಿಕಾ ದಣಿದು ಬಂದಾಗ, "ಎಲ್ಲ ತುಂಬಿಟ್ಟಿವ್ನಿ ಕಣೇ, ನೀನು ನೀರು ಹುಯ್ಯಿ ಸಾಕು" ಎಂದಳು ಜಂಬದಿಂದ. ಸೊಸೆ ಬಟ್ಟೆ ಎತ್ತಿ ನೋಡದೆ ನೀರು ಹುಯ್ದಳು.

ನೀರೇನೋ ತಿಳಿಯಾಗಿಯೇ ಇಳಿಯಿತು. ದ್ರಾಕ್ಷಾಯಣಮ್ಮ ಹಿಗ್ಗಿ, ಬೆಳಗ್ಗೆ ಅದನ್ನೇ ತಂಬಿಗೆಯಲ್ಲಿ ಗಂಡನ ಪೂಜೆಗೆ ಇಟ್ಟಳು.

ಪರಮಶಿವಯ್ಯ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಿಂದ ನೀರೆರೆದ. ಅಂಗೈ ಜಿಡ್ಡು ಜಿಡ್ಡಾಯಿತು. ಇನ್ನೊಂದು ಸಲ ಎರೆದ. ಲಿಂಗ ಜಾರಿತು.

ಬೀಳಲಿಲ್ಲ, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡ. ಆದರೆ ಹುಟ್ಟಿದಾಗ ಕಟ್ಟಿದ ಲಿಂಗ ಅಂಗೈಯಿಂದ ಜಾರಿತೆಂದರೆ ಅವನಿಗೆ ಜೀವವೇ ಜಾರಿದ ಹಾಗೆ. ಮುಖದ ರಕ್ತ ಇಳಿದುಹೋಗಿತ್ತು. ಅದು ಮತ್ತೆ ಏರಿದಾಗ ಮನೆ ನಡುಗಿತು.

"ಯಾರೇ ಅದು? ಈ ನೀರಿಗೆ ಏನು ಹಾಕಿದ್ದು? ಸೀಗೇಕಾಯಿ ತಿಕ್ಕಿದಂಗೆ ಜಾರ್ತದಲ್ಲ! ಎಸ್ಸೆಲ್ಸಿ ಓದಿದೋಳು ಬಂದು ನನ್ನ ಮುಖಕ್ಕೆ ಮಸಿ ಬಳೀತಾಳಲ್ಲೋ, ತೋಂಟಾ!"

ಗಿರಿಜಾಂಬಿಕಾ ಓಡಿಹೋಗಿ ಗಡಿಗೆಯ ಬಟ್ಟೆ ಎತ್ತಿದಳು. ಒಳಗೆ ಬೆಳ್ಳನೆಯ ಬೂದಿ; ನೀರನ್ನು ಸಾಬೂನಿನಂತೆ ಜಾರಿಸಿದ್ದು ಅದೇ. ಅತ್ತೆಯ ಮುಖ ನೋಡಿದಳು. ಬಾಗಿಲ ಬಳಿ ತಲೆ ತಗ್ಗಿಸಿ ನಿಂತಳು, ಬೈಗುಳವೆಲ್ಲ ತನ್ನದೇ ಎನ್ನುವ ಹಾಗೆ.

ಅವಳು ನಿಂತ ಆ ರೀತಿ ಕಂಡು ದ್ರಾಕ್ಷಾಯಣಮ್ಮನಿಗೆ ಚುರುಕ್ಕೆಂದಿತು. ಸುಮ್ಮನಿದ್ದುಬಿಟ್ಟರೆ ಗಂಡನ ಕೋಪ ಸೊಸೆಯ ತಲೆಯ ಮೇಲೆಯೇ ಇಳಿದುಹೋಗುತ್ತಿತ್ತು. ಅತ್ತೆಯರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಈಕೆ ಮುಂದೆ ಬಂದಳು.

"ಮಸಿ ಆಗಿದ್ರೆ ಸರಿಹೋಗ್ತಿತ್ತು ಕಣ್ರೀ. ಅವಳು ಮಸಿ ಮಾಡಿದ್ಲು. ಕಪ್ಪಗೈತೆ ಅಂತ ನಾನೇ ಬೆಳ್ಳಗೆ ಸುಟ್ಟೆ. ವಿಭೂತಿ ಮಾಡ್ದಂಗೆ ಮಾಡ್ದೆ. ಬೈಯೋದಾದ್ರೆ ನನ್ನ ಬಯ್ರಿ."

ಮದುವೆಯಾದಂದಿನಿಂದ ಹೆಂಡತಿ ಹೀಗೆ ಎದುರು ನಿಂತು ತಪ್ಪೊಪ್ಪಿಕೊಂಡದ್ದನ್ನು ಪರಮಶಿವಯ್ಯ ಕಂಡಿರಲಿಲ್ಲ. ಕೋಪ ಎಲ್ಲಿಡಬೇಕೆಂದು ತಿಳಿಯದೆ ತಡವರಿಸಿದ.

"ಯಾರಾದ್ರೂ ಸರಿ. ಆ ಗಡಿಗೆ ಇನ್ನು ಈ ಮನೆ ಒಳಗೆ ನನ್ನ ಕಣ್ಣಿಗೆ ಬೀಳಕೂಡದು" ಎಂದು ಹೇಳಿ ತೋಟಕ್ಕೆ ಹೋದ.

ಆಮೇಲೆ ಅತ್ತೆ ಸೊಸೆ ಒಲೆಯ ಮುಂದೆ ಕೂತರು. ಗಿರಿಜಾಂಬಿಕಾ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ನಗು ತಡೆಯಲಾರದೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಲ್ಲಾ ಅತ್ತೆ, ವಿಭೂತಿ ಮಾಡಿಬುಟ್ರಲ್ಲ! ಬಾವಿ ನೀರಿಗೆ ದೀಕ್ಷೆ ಕೊಡಿಸೋಕಾ?"

"ನಗಬ್ಯಾಡ ಕಣೇ, ಹೊಟ್ಟೆ ಉರೀತದೆ" ಎಂದ ದ್ರಾಕ್ಷಾಯಣಮ್ಮ ತಾನೂ ನಕ್ಕಳು. ನಗು ಮುಗಿದ ಮೇಲೆ ಕೇಳಿದಳು: "ಅಂಗಾರೆ ಬೆಳ್ಳಗಾಗೋಕೆ ಮುಂಚೆನೇ ತಡೀಬೇಕು ಅನ್ನು."

"ಹೂಂ. ಆದ್ರೆ ಯಾವಾಗ ತಡೀಬೇಕು ಅನ್ನೋದು ನಂಗೂ ಗೊತ್ತಿಲ್ಲ. ಮೇಷ್ಟ್ರು ಇದ್ದಲು ಅಂಗಡೀಲಿ ತಂದಿದ್ರು."

"ನಂಗೊತ್ತು" ಎಂದಳು ದ್ರಾಕ್ಷಾಯಣಮ್ಮ.

ಮತ್ತೆ ಗುಡ್ಡಕ್ಕೆ ಹೋದರು. ಈ ಸಲ ಲಾಂಟಾನದ ದಪ್ಪ ಬುಡಗಳನ್ನೂ ಜಾಲಿಯ ಗೆಣ್ಣುಗಳನ್ನೂ ಆರಿಸಿದರು. ಬೆಂಕಿ ಕೊಟ್ಟು, ಮಣ್ಣು ಮುಚ್ಚಿ, ಹೊಗೆಗೆ ಸಣ್ಣ ಬಾಯಿ ಬಿಟ್ಟು, ದ್ರಾಕ್ಷಾಯಣಮ್ಮ ಪಕ್ಕದಲ್ಲಿಯೇ ಅವರೆಕಾಯಿ ಸುಲಿಯುತ್ತ ಕೂತಳು. ದಪ್ಪ ಬಿಳಿ ಹೊಗೆ ಬಂತು. ಸುಮ್ಮನಿದ್ದಳು. ಸೊಸೆ, ಮುಚ್ಚೋಣವೇ ಎಂದರೆ, "ತಡಿಯೇ" ಎಂದಳು. ಹೊಗೆ ತೆಳ್ಳಗಾಯಿತು, ಅಂಚಿನಲ್ಲಿ ನೀಲಿ ಇಣುಕಿತು. ಅಪ್ಪ ಬಾಯಿ ತೆಗೆಯುತ್ತಿದ್ದ ಹೊತ್ತು ಅದು. ಅಪ್ಪನ ನೆನಪಾಯಿತು, ಕೈಯೂ ತೆಗೆಯುವುದಕ್ಕೇ ಮುಂದಾಯಿತು. ಅದೇ ಕೈಯಿಂದ ಹಸಿಮಣ್ಣಿನ ಮುದ್ದೆ ತೆಗೆದು ಬಾಯಿಯ ಮೇಲೆ ಬಡಿದು ಮುಚ್ಚಿದಳು.

"ಅಪ್ಪ ತೆಗೀತಿದ್ದ ಜಾಗದಲ್ಲಿ ನಾನು ಮುಚ್ಚಿದೀನಿ. ಶಿವನಿಗೆ ಬಿಟ್ಟಿದ್ದು."

ತಗ್ಗು ಪೂರ್ತಿ ಆರಿದ ಮೇಲೆ ತೆಗೆದರೆ ಒಳಗೆ ಕಡ್ಡಿ ಕಡ್ಡಿಯೂ ಆಕಾರ ಕೆಡದೆ ಕರ್ರಗೆ ಮಲಗಿತ್ತು. ಒಂದಕ್ಕೊಂದು ತಾಕಿಸಿದರೆ ಗಾಜಿನ ಬಳೆಯ ಹಾಗೆ ಕಿಣಿ ಕಿಣಿ ಎಂದಿತು. ದ್ರಾಕ್ಷಾಯಣಮ್ಮ ಮಗುವಿನ ಹಾಗೆ ಇನ್ನೆರಡು ಸಲ ತಾಕಿಸಿ ಕೇಳಿದಳು. ಒರಳಲ್ಲಿ ಕುಟ್ಟಿ ನುಚ್ಚು ಮಾಡಿದರು, ಪುಡಿ ಹೋಗುವ ತನಕ ತೊಳೆದರು. ಇಬ್ಬರ ಮೂಗು, ಕೆನ್ನೆ, ಸೆರಗು ಎಲ್ಲ ಮಸಿಯಾಯಿತು.

ಈಗ ಗಡಿಗೆ ಇಡುವುದೆಲ್ಲಿ? ಮನೆಯೊಳಗೆ ಯಜಮಾನರ ಕಣ್ಣಿಗೆ ಬೀಳಬಾರದು. ಎತ್ತರ ಬೇಕು, ಭಾರ ತಡೆಯಬೇಕು, ನೆರಳಿರಬೇಕು. ದ್ರಾಕ್ಷಾಯಣಮ್ಮ ಹಿತ್ತಲ ಜಗಲಿಯ ಕಡೆ ನೋಡಿದಳು. ಒಣಗಿ ಗಟ್ಟಿಯಾದ ಹೊಸ ಒಲೆ ಕಾಯುತ್ತಿತ್ತು. ಮರಳಿನ ಗಡಿಗೆಯನ್ನು ಎತ್ತಿ ಅದರ ಒಂದು ಬಾಯಿಯ ಮೇಲೆ ಕೂರಿಸಿದಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಅದರ ಮೇಲೆ ಇದ್ದಲಿನದು, ಅದರ ಮೇಲೆ ಬಾವಿ ನೀರಿನದು. ಒಲೆಯ ಹೊಟ್ಟೆಯಲ್ಲಿ, ಸೌದೆ ಇಡುವ ಜಾಗದಲ್ಲಿ, ತೊಟ್ಟಿಕ್ಕುವ ನೀರು ಹಿಡಿಯಲು ಅಗಲ ಬಾಯಿಯ ಪಾತ್ರೆ.

ಗುಂಡಿಯ ಹತ್ತಿರದಿಂದ ತೋಂಟದಾರ್ಯ ಓಡಿಬಂದ.

"ಅವ್ವಾ, ಅದು ನನ್ನ ಒಲೆ!"

"ಗೊತ್ತು ಕಣ್ಲಾ. ಚೆನ್ನಾಗಿ ಮಾಡಿದೀಯ."

"ತೆಗಿ ಅದನ್ನ. ಗಣಾರಾಧನೆ ದಿನ ಬೇಕಾಗ್ತದೆ."

"ಇದಕ್ಕೆ ಬೆಂಕಿ ಹಾಕೋದಾದ್ರೆ ಮೊದ್ಲು ಈ ಗಡಿಗೆ ಒಡಿ. ನಿಮ್ಮವ್ವ ಹೊತ್ತು ತಂದು, ಸುಟ್ಟು, ಕುಟ್ಟಿ, ತೊಳೆದಿರೋ ಗಡಿಗೆ. ಒಡಿ, ನೋಡ್ತೀನಿ."

ಅವನು ಒಡೆಯಲಿಲ್ಲ. ಗೊಣಗಿಕೊಂಡು ಹೋದ.

ಮೊದಲು ಇಳಿದ ನೀರಿನಲ್ಲಿ ಕರಿಪುಡಿ ತೇಲಿತು. ಚೆಲ್ಲಿದರು. ಆಮೇಲಿನದು ಮಬ್ಬಾಗಿತ್ತು. ಅದನ್ನೂ ಗಿಡಕ್ಕೆ ಹಾಕಿದರು. ಮೂರನೆಯದನ್ನು ಗಿರಿಜಾಂಬಿಕಾ ಹಿತ್ತಾಳೆ ಲೋಟಕ್ಕೆ ಹಿಡಿದಳು. ಲೋಟದ ತಳದಲ್ಲಿ ಕೊರೆಸಿದ್ದ ತವರಿನ ಹೆಸರು ನೀರಿನ ಕೆಳಗೆ ಓದಲು ಬರುವಂತೆ ಕಂಡಿತು. ಮೂಸಿದರೆ ವಾಸನೆಯಿಲ್ಲ.

"ಕುಡೀಲಾ ಅತ್ತೆ?"

"ತಡಿ. ಮೊದ್ಲು ನಾನು."

ಆದರೆ ದ್ರಾಕ್ಷಾಯಣಮ್ಮ ಕುಡಿಯಲಿಲ್ಲ. ಕೊರಳಿನ ತನ್ನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡಳು. ಗಂಡನಿಗೆ ಆದದ್ದು ಆಗುವುದಾದರೆ ಈ ಸಲ ತನಗೇ ಆಗಲಿ ಎಂದು ಕಣ್ಣು ಮುಚ್ಚಿ ನೀರೆರೆದಳು. ಒಂದು ಸಲ, ಇನ್ನೊಂದು ಸಲ. ಲಿಂಗ ಅಂಗೈಯಲ್ಲಿ ಅಲುಗಾಡದೆ ಕೂತಿತ್ತು. ಕಣ್ಣು ತೆರೆದಾಗ ಸೊಸೆಯೂ ಉಸಿರು ಬಿಗಿಹಿಡಿದು ನಿಂತಿದ್ದಳು. ಇಬ್ಬರಿಗೂ ಅಳು ಬಂತು.

ಮಧ್ಯಾಹ್ನ ತೋಂಟದಾರ್ಯ ಬಿಸಿಲಿನಿಂದ ಬಂದು ತಂಬಿಗೆ ಎತ್ತಿ ಗಟಗಟ ಕುಡಿದ.

"ರಂಗಮ್ಮಾರ ಬಾವಿದು ಈಗೀಗ ಚೆನ್ನಾಗೈತೆ ಕಣವ್ವ."

"ರಂಗಮ್ಮಂದಲ್ಲ ಕಣ್ಲಾ. ನಿನ್ನ ಗುಂಡಿ ಕೆಳಗಿಂದು."

ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೊಂದು ಗುಟುಕು ಕುಡಿದ. ಊಟಕ್ಕೆ ಕೂತ. ಎದ್ದು ಕೈ ತೊಳೆಯುವಾಗ, "ಪಂಕ್ತಿಗೆಲ್ಲ ಆಗೋಷ್ಟು ನೀರು ಒಂದು ಗಡಿಗೇಲಿ ಇಳೀತದಾ? ಒಲೆಗೆ ಇನ್ನೊಂದು ಬಾಯಿ ಐತಲ್ಲ" ಎಂದ. ಸಂಜೆ ಗಾಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋದವನು ದುರ್ಗಯ್ಯನ ಮುಳ್ಳುಗುಡ್ಡೆಯಲ್ಲಿ ಅರ್ಧವನ್ನೇ ಹೇರಿಕೊಂಡು ಬಂದ. ಮೈಕೈಯೆಲ್ಲ ಗೀರು. ಮಗನ ಗೀರುಗಳಿಗೆ ಕೊಬ್ಬರಿ ಎಣ್ಣೆ ಸವರುವಾಗ ದ್ರಾಕ್ಷಾಯಣಮ್ಮನಿಗೆ ಹಿಗ್ಗೋ ಹಿಗ್ಗು.

ಪರಮಶಿವಯ್ಯನಿಗೆ ಇದಾವುದೂ ತಿಳಿಯಲಿಲ್ಲ. ಮಗ ಬೇರೆ ಒಲೆ ಹೂಡಿದ ದಿನದಿಂದ ಅವನು ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಆ ಒಲೆ ಕಂಡರೆ ತನ್ನ ಕಣ್ಣು ಎಲ್ಲಿ ತುಂಬುವುದೋ ಎಂಬ ಭಯ, ಹೊರಗೆ ತೋರಿಸಿದ್ದು ಸಿಟ್ಟು. ಒಳಗೆ ತಂದಿಟ್ಟ ನೀರನ್ನು ಮಾಯಣ್ಣನ ಬಾವಿಯದೆಂದುಕೊಂಡು ಕುಡಿಯುತ್ತಿದ್ದ. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಗಣಾರಾಧನೆಯ ದಿನ ಬಂತು. ಬೆಳಗಿನಿಂದಲೇ ಹೋಳಿಗೆ ಬೇಯುವ ವಾಸನೆ, ಕಾಯಿಹಾಲಿಗೆ ತುರಿಯುವ ಸದ್ದು, ಬಂಧುಬಳಗ. ಪರಮಶಿವಯ್ಯ ಮೂರು ಬೆರಳಿನ ವಿಭೂತಿ ಢಾಳಾಗಿ ಧರಿಸಿ ಓಡಾಡುತ್ತಿದ್ದರೂ ಮುಖ ಗಂಟಿಕ್ಕಿಕೊಂಡಿತ್ತು. ತಾನೇ ಹಾಕಿದ ಷರತ್ತು ತನ್ನ ಕೊರಳಿಗೇ ಬಂದಿತ್ತು: ಇವತ್ತು ಸಂಜೆಗೆ ಗುಂಡಿ ಮುಚ್ಚಬೇಕು, ಮಗ ದೂರವಾಗಬೇಕು.

ಶಂಭುಲಿಂಗಯ್ಯನವರು ಬಂದರು. ಸುತ್ತಿನ ಹಳ್ಳಿಗೆಲ್ಲ ಅವರೇ ಅಯ್ನೋರು, ಪೂಜೆಗೆ ಬರುವ ಜಂಗಮರು. ನೀರಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಚಿಕ್ಕನಾಯಕನಹಳ್ಳಿಯ ಒಂದು ಮನೆಯಲ್ಲಿ ನೀರು ಸವಳೆಂದು ಊಟ ಬಿಟ್ಟು ಎದ್ದವರು. ಪಾದಪೂಜೆಯಾಯಿತು. ಪಂಕ್ತಿ ಕೂತಿತು. ಅಯ್ನೋರು ಎಲೆಯ ಮುಂದಿನ ಲೋಟ ಎತ್ತಿ ಒಂದು ಗುಟುಕು ಕುಡಿದು ನಿಲ್ಲಿಸಿದರು. ಪರಮಶಿವಯ್ಯ ಕಣ್ಣು ಮುಚ್ಚಿದ.

"ಪರಮಶಿವಯ್ಯ" ಎಂದರು ಅವರು. "ನಿಮ್ಮ ತಾಯಿ ಇದ್ದಾಗ ಇಂಥ ನೀರು ಕುಡಿದಿದ್ದೆ. ಇನ್ನೊಂದು ಲೋಟ ಹಾಕಿಸು."

ಸಂತೋಷವಾಗಬೇಕಿದ್ದ ಜಾಗದಲ್ಲಿ ಪರಮಶಿವಯ್ಯನಿಗೆ ಅನುಮಾನ ಬಂತು. ಹೆಂಗಸರು ಕದ್ದು ಮಾಯಣ್ಣನ ಬಾವಿಯಿಂದ ತಂದು ಸತ್ತ ತಾಯಿಯ ಹೆಸರಲ್ಲಿ ಮೋಸ ಮಾಡಿಸಿದರಲ್ಲ! ಪಂಕ್ತಿಯ ಆಚೆ ಹೋಳಿಗೆ ತಟ್ಟೆ ಹಿಡಿದು ನಿಂತಿದ್ದ ರಂಗಮ್ಮನನ್ನು ಕಣ್ಸನ್ನೆಯಲ್ಲಿ ಕರೆದ.

"ನಿಮ್ಮ ಬಾವಿಯಿಂದ ಎಷ್ಟು ಬಿಂದಿಗೆ ತಂದ್ರವ್ವಾ ನಮ್ಮೋರು?"

"ನಮ್ಮ ಬಾವಿಯಿಂದಾ? ನಿಮ್ಮನೇರು ಆ ಕಡೆ ತಲೆ ಹಾಕಿ ಎಷ್ಟೋ ದಿನ ಆಯ್ತಲ್ಲಣ್ಣ."

ಪರಮಶಿವಯ್ಯ ಹಿತ್ತಲಿನ ಬಾಗಿಲು ದೂಡಿಕೊಂಡು ಹೋದ. ದ್ರಾಕ್ಷಾಯಣಮ್ಮ ಒಲೆಯ ಮುಂದೆ ಬಗ್ಗಿ ತುಂಬಿದ ಪಾತ್ರೆ ಹೊರಗೆಳೆಯುತ್ತಿದ್ದಳು. ಕೆನ್ನೆಯ ಮೇಲೆ ಮಸಿ, ರೇಷ್ಮೆ ಸೀರೆಯ ಸೆರಗಿನ ಮೇಲೂ ಮಸಿ.

"ಯಾವ ಬಾವಿದೇ ಈ ನೀರು?"

ಅವಳು ನೆಟ್ಟಗೆ ನಿಂತಳು. "ನಂದು."

ಅವನು ಒಲೆ ನೋಡಿದ. ಎರಡೂ ಬಾಯಿಯ ಮೇಲೆ ಗಡಿಗೆಯ ಸಾಲು. ಒಳಗೆ ಬಗ್ಗಿ ನೋಡಿದ. ಬೂದಿಯ ಗುರುತಿಲ್ಲ, ಕರಿ ಹಿಡಿದಿಲ್ಲ.

"ಇದು ಅವನ ಒಲೆ ಅಲ್ವಾ?"

"ಹೂಂ. ಹತ್ತಿಸಿಲ್ಲ."

ಪರಮಶಿವಯ್ಯ ಪಕ್ಕದಲ್ಲಿದ್ದ ಇದ್ದಲಿನ ಬುಟ್ಟಿಗೆ ಕೈ ಹಾಕಿ ಒಂದು ಚೂರು ತೆಗೆದ, ತಿರುಗಿಸಿ ನೋಡಿದ. "ಈ ಕಸದಿಂದಲಾ?" ಎಂದ. ಕಣ್ಣಿಗೆ ಬಂದದ್ದನ್ನು ಬೆವರೆಂದು ತೋರಿಸಲು ಕೈಯಿಂದ ಹಣೆ ಒರೆಸಿಕೊಂಡ. ಮೂರು ಬಿಳಿ ಗೆರೆಯ ಮೇಲೆ ಅಡ್ಡಕ್ಕೆ ಒಂದು ಕರಿ ಪಟ್ಟೆ ಎದ್ದಿತು.

"ಅಯ್ಯೋ, ರೀ! ಮುಖಕ್ಕೆ ಮಸಿ ಆಯ್ತು, ತಡೀರಿ" ಎಂದು ಅವಳು ಸೆರಗು ಹಿಡಿದು ಬಂದಳು. ಒಳಗಿನಿಂದ ಗಿರಿಜಾಂಬಿಕಾ ಕೂಗಿದಳು: "ಅತ್ತೆ, ಪಂಕ್ತಿಗೆ ನೀರು!"

"ಇರ್ಲಿ ಬುಡು, ಆಮ್ಯಾಲೆ ಒರೆಸ್ಕಂಡ್ರಾಯ್ತು" ಎಂದ ಪರಮಶಿವಯ್ಯ ತುಂಬಿದ ಪಾತ್ರೆಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದ. ಬಂಧುಬಳಗದ ನಡುವೆ, ಹಣೆಯ ಮಸಿಯೊಂದಿಗೆ, ತಾನೇ ಬಗ್ಗಿ ಲೋಟ ಲೋಟಕ್ಕೂ ನೀರು ಬಡಿಸಿದ. ಅಯ್ನೋರು ಕತ್ತೆತ್ತಿ ನೋಡಿದರು.

"ಇದೇನಯ್ಯ ಹಣೆ ಮೇಲೆ?"

"ನಮ್ಮನೆ ಹೆಂಗಸ್ರು ನನ್ನ ಮುಖಕ್ಕೆ ಮಸಿ ಬಳಿದವ್ರೆ ಬುದ್ದಿ" ಎಂದ ಪರಮಶಿವಯ್ಯ, ಮನೆಗೆ ಬಂದ ಬಹುಮಾನದ ಮಾತು ಹೇಳುವ ಹಾಗೆ. "ಇನ್ನೊಂದು ಲೋಟ ಹಾಕ್ಲಾ?"

ಬಾಗಿಲಲ್ಲಿ ನಿಂತಿದ್ದ ತೋಂಟದಾರ್ಯನ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿ ಬೈದ. "ಲೇ, ಗುಂಡೀನ ಕೆಳಗಡೆ ಹೊಲದ ತಾಕಿಗೆ ಇಳಿಸು, ಬಾವಿಗೆ ದೂರ ಆಗ್ತದೆ. ಜಾಗ ನಾನು ತೋರಿಸ್ತೀನಿ. ಬಾವಿ ತಿಳಿಯಾಗೋತನಕ ಮಸಿ ಕಮ್ಮಿ ಆಗ್ಬಾರದು. ಅಟ್ಟದ ಕೊಬ್ಬರಿ ಒಡೆಸ್ತೀನಿ, ಚಿಪ್ಪೆಲ್ಲ ನಿಮ್ಮವ್ವಂಗೆ."

"ದರ ಏರ್ಲಿ ಅಂತಿದ್ರಲ್ಲಪ್ಪ."

"ನಿಂಗೆ ಹೇಳಿದಷ್ಟು ಮಾಡು."

ಊಟಗಳೆಲ್ಲ ಮುಗಿದು, ಅತ್ತೆ ಸೊಸೆ ಕಡೆಗೆ ಕೂತು ಒಂದೇ ಎಲೆಯ ಆಚೀಚೆ ಹೋಳಿಗೆ ಮುರಿಯುತ್ತಿದ್ದಾಗ ರಂಗಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಕಂಕುಳಲ್ಲಿ ಖಾಲಿ ಬಿಂದಿಗೆ. ಸ್ವಲ್ಪ ನಾಚಿಕೊಂಡೇ ಕೇಳಿದಳು.

"ಒಂದು ಬಿಂದಿಗೆ ಆ ಮಸಿ ನೀರು ಕೊಡ್ತೀರಾ ದ್ರಾಕ್ಷಾಯಣಮ್ಮಾರೇ? ನಮ್ಮತ್ತೆ ಕೇಳಿಬುಟ್ರು."

"ತಗಂಡೋಗವ್ವಾ" ಎಂದಳು ದ್ರಾಕ್ಷಾಯಣಮ್ಮ. ಬಾಯಿ ಅಭ್ಯಾಸದಂತೆ ಮುಂದಿನ ಮಾತಿಗೆ ತೆರೆಯಿತು. ಅಲ್ಲಿಗೇ ತಡೆದು, ಪಕ್ಕದಲ್ಲಿದ್ದ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು.

"ಬೇರೆ ನೀರಾಗಿದ್ರೆ ಮಾತು ಬೇರೆ ಇತ್ತು. ಈ ನೀರು ಮಾತ್ರ ನಾವೇ ಹೆತ್ತಿದ್ದು ಕಣವ್ವ, ನಾನೂ ನನ್ನ ಸೊಸೇನೂ."